ನಿಮಗಿದು ಗೊತ್ತೆ? ಪದ ಒಂದೇ, ಮುರಿದಲ್ಲಿ ಅರ್ಥ ಬೇರೆ!

ಡಚ್ ಭಾಷೆಯಲ್ಲಿ ಮಸಾಜ್ ಮಾಡುವ ಮಂಚಕ್ಕೂ ಸಾಮೂಹಿಕ ಪ್ರಾರ್ಥನೆಗೂ ಕಾಗುಣಿತ ಒಂದೇ: ‘massagebed’! ಹತ್ತಕ್ಕೆ ಹತ್ತೂ ಅಕ್ಷರ ಅವೇ. ಸಮಾಸಪದಗಳನ್ನು ನಡುವೆ ಜಾಗ ಬಿಡದೆ ಕೂಡಿಸಿ ಬರೆಯುವುದು ಅಲ್ಲಿನ ರೂಢಿ. ಅದರ ಫಲ ಇದು.

ಕಿವಿಗೆ ಮಾತ್ರ ಗೊಂದಲವಿಲ್ಲ. ಮೊದಲ ‘ಮಸ್’ ಮೇಲೆ ಒತ್ತು ಬಿದ್ದರೆ ಪ್ರಾರ್ಥನೆ, ಎರಡನೆಯ ‘ಸಾ’ ಮೇಲೆ ಬಿದ್ದರೆ ಮಂಚ. ನಡುವಿನ ‘ಜಿ’ ಅಕ್ಷರದ ಉಚ್ಚಾರವೂ ಬದಲು: ಪ್ರಾರ್ಥನೆಯಲ್ಲಿ ಅದು ಗಂಟಲಿನಿಂದ ಬರುತ್ತದೆ, ಮಂಚದಲ್ಲಿ ಫ್ರೆಂಚರ ಮೆದು ‘ಝ’ ಆಗುತ್ತದೆ.

ಇನ್ನೊಂದು ಸೊಗಸಾದ ಪದ ‘ಕ್ವಾರ್ಟ್‌ಸ್ಲಾಖೆನ್’. ‘ಕ್ವಾರ್ಟ್-ಸ್ಲಾಖೆನ್’ ಎಂದು ಬಿಡಿಸಿದರೆ ಕಾಲು ಸುತ್ತುಗಳು. ‘ಕ್ವಾರ್ಟ್ಸ್-ಲಾಖೆನ್’ ಎಂದರೆ ಸ್ಫಟಿಕಶಿಲೆಯ ಪದರಗಳು! ಎರಡರಲ್ಲೂ ಒತ್ತು ಮೊದಲ ಭಾಗಕ್ಕೇ. ಹಾಗಾಗಿ ಅದರಿಂದ ಅರ್ಥ ತಿಳಿಯದು, ಸಂದರ್ಭವೇ ಗತಿ. ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದಾಗ ಸಮಾಸ ಕೂಡಿದ ಜಾಗದಲ್ಲೇ ಅಡ್ಡಗೆರೆ ಹಾಕಬೇಕು. ಒಂದೇ ಒಂದು ‘ಎಸ್’ ಗೆರೆಯ ಆಚೆ ಹೋಯಿತೋ ಈಚೆ ಉಳಿಯಿತೋ, ಅರ್ಥವೇ ಬೇರೆ.

‘ವೋರ್‌ಕೋಮೆನ್’ ಎಂಬ ಕ್ರಿಯಾಪದದಲ್ಲಾದರೋ ಅರ್ಥ ಬದಲಿಸುವುದು ಒತ್ತೇ: ಅದು ಮೊದಲಿಗೆ ಬಿದ್ದರೆ ‘ಸಂಭವಿಸು’, ನಡುವೆ ಬಿದ್ದರೆ ‘ತಡೆಗಟ್ಟು’! ಓದುಗರು ತಪ್ಪು ತಿಳಿಯಬಾರದೆಂದು ಡಚ್ಚರು ಇಂಥ ಕಡೆ ಒತ್ತು ಬೀಳುವ ಸ್ವರದ ತಲೆಯ ಮೇಲೆ ಪುಟ್ಟ ಓರೆಗೆರೆ ಎಳೆಯುತ್ತಾರೆ.