ಹಬ್ಬದ ಲೆಕ್ಕ: ಹನ್ನೊಂದು ದಿನ ಮೊದಲೇ ಬರುವ ರಂಜಾನ್

ಈ ಡಿಸೆಂಬರ್‌ನಲ್ಲಿ ನಮ್ಮ ತರಗತಿಯ ಗೆಳತಿಯೊಬ್ಬಳು ಬಹಳ ನಿಶ್ಚಿಂತೆಯಿಂದ ಇದ್ದಾಳೆ. ಅವಳ ಮನೆ ಬೆಟಗೇರಿಯಲ್ಲಿ. ಬಾಸೆಲ್ ಮಿಷನ್ನಿನ ಕಾಲದಿಂದ ಅಲ್ಲಿ ಕ್ರೈಸ್ತ ಕುಟುಂಬಗಳಿವೆ, ಅವರದೂ ಒಂದು. "ಕ್ರಿಸ್‌ಮಸ್ ಖರ್ಚಿಗೆ ಏನ್ ಮಾಡ್ತೀರಿ?" ಎಂದು ಕೇಳಿದೆ. "ಏನ್ ಮಾಡೂದು? ನಮ್ಮ ಮಮ್ಮಿ ಜನವರಿಯಿಂದನ ತಿಂಗಳಾ ಐದನೂರು ತೆಗೆದಿಡ್ತಾಳ" ಎಂದಳು. ಜನವರಿಯಿಂದ ನವೆಂಬರ್‌ವರೆಗೆ ಹನ್ನೊಂದು ತಿಂಗಳು, 5,500 ರೂಪಾಯಿ. ಕೇಕು, ಮಕ್ಕಳ ಬಟ್ಟೆ, ಚರ್ಚಿನ ಕಾಣಿಕೆ ಎಲ್ಲವೂ ಅದರಲ್ಲೇ ಮುಗಿಯುತ್ತದೆ. ಸಾಲವಿಲ್ಲ.

ಇಷ್ಟು ಸುಲಭವಾದದ್ದು ನಮ್ಮ ಮನೆಯಲ್ಲಿ ಯಾಕೆ ಆಗಲಿಲ್ಲ ಎಂದು ನಾನು ಲೆಕ್ಕ ಹಾಕಿ ನೋಡಿದೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಗೆ ಸಿಕ್ಕ ಮೊದಲ ನಿಜವಾದ ಲೆಕ್ಕ ಅದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ಕಾಲೇಜಿನ ಎಷ್ಟೋ ಮನೆಗಳ ಲೆಕ್ಕವೂ ಹೀಗೇ ಇರಬಹುದು.

ಕಳೆದ ರಂಜಾನ್ ನಮಗೆ ಎಷ್ಟಕ್ಕೆ ಬಿತ್ತು

ನಮ್ಮೂರು ಇಟಗಿ, ಭೀಮಮ್ಮನ ಜಾತ್ರೆಗೆ ಹೆಸರಾದ ಊರು. ನಾವು ನದಾಫರು. ಅಪ್ಪ ಅರಳೆ ಬಡಿದು ಗಾದಿ, ದಿಂಬು ಹೊಲಿಯುತ್ತಾನೆ. ಅವ್ವ ಹೊಲದ ಕೂಲಿಗೆ ಹೋಗುತ್ತಾಳೆ. ಅಜ್ಜಿ, ಇಬ್ಬರು ತಮ್ಮಂದಿರು, ನಾನು ಸೇರಿ ಆರು ಜನ.

2025ರ ಮಾರ್ಚ್ 31ರಂದು ಈದ್. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗಳ ನಡುವೆಯೇ ಹಬ್ಬ ಬಂದಿತ್ತು. ಆಗ ಆದ ಖರ್ಚನ್ನು ಅವ್ವನನ್ನು ಕೂರಿಸಿಕೊಂಡು ನೆನಪಿಸಿ ನೆನಪಿಸಿ ಬರೆದೆ:

ಬಟ್ಟೆ ಮತ್ತು ಹೊಲಿಗೆ: 4,800
ರೋಜಾ ತಿಂಗಳ ಹೆಚ್ಚಿನ ಖರ್ಚು (ಖರ್ಜೂರ, ಹಣ್ಣು, ಹಾಲು): 2,100
ಹಬ್ಬದ ಮಾಂಸ, ಅಕ್ಕಿ, ಮಸಾಲೆ: 1,900
ಸುರಕುಂಬಾಕ್ಕೆ ಶಾವಿಗೆ, ಗೋಡಂಬಿ, ಖಾರಿಕ, ಸಕ್ಕರೆ: 1,300
ಈದಿ, ಬಂದುಹೋಗುವವರ ಖರ್ಚು: 820
ಆರು ಜನರ ಫಿತ್ರಾ: 480
ಒಟ್ಟು: 11,400

ಕೈಯಲ್ಲಿ ಇದ್ದದ್ದು 3,800. ಉಳಿದದ್ದಕ್ಕೆ ಅಪ್ಪ 8,000 ರೂಪಾಯಿ ಕೈಸಾಲ ಮಾಡಿದ, ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿ. ಮೊದಲ ತಿಂಗಳ ಬಡ್ಡಿ 400 ಹಿಡಿದುಕೊಂಡು 7,600 ಕೈಗೆ ಕೊಟ್ಟರು. ಸಾಲ ತೀರಿದ್ದು ಸೆಪ್ಟೆಂಬರ್ ಮಧ್ಯಕ್ಕೆ. ಆರು ತಿಂಗಳಿಗೆ 2,400 ಬಡ್ಡಿ. ಅಂದರೆ 11,400ರ ಹಬ್ಬ ನಮಗೆ 13,800ಕ್ಕೆ ಬಿತ್ತು.

ಇದು ಕಾಗದದ ಮೇಲಿನ ಮಾತು. ಜೂನ್‌ನಲ್ಲಿ ಪಿಯು ಪ್ರವೇಶದ ಹಣಕ್ಕೆ 1,500 ಕಡಿಮೆಯಾಯಿತು. ಅಷ್ಟರಲ್ಲಿ ಬಡ್ಡಿ ಎಂದು ಹೋಗಿದ್ದೇ 1,200. ಅಪ್ಪ ನನ್ನ ಮುಖ ನೋಡದೆ, "ಈ ವರ್ಷ ಮನ್ಯಾಗಿರವಾ, ಬರೂ ವರ್ಷ ನೋಡೂಣು" ಎಂದ. ಬರುವ ವರ್ಷ ಎಂದು ಮನೆಯಲ್ಲಿ ಉಳಿದ ನಮ್ಮ ಓಣಿಯ ಹುಡುಗಿಯರು ಮತ್ತೆ ಕಾಲೇಜಿಗೆ ಹೋದದ್ದನ್ನು ನಾನು ನೋಡಿಲ್ಲ. ಅವ್ವ ಏನೂ ಮಾತಾಡದೆ ತನ್ನ ಬೆಳ್ಳಿ ಕಾಲ್ಚೈನು ತೆಗೆದು ಕೊಟ್ಟಳು. ನಾನು ಇವತ್ತು ಈ ಬರಹ ಬರೆಯುತ್ತಿರುವುದು ಅದರಿಂದ.

ತಪ್ಪು ಎಲ್ಲಿತ್ತು?

ಮೊದಲು ನಾನೂ ಅಂದುಕೊಂಡಿದ್ದೆ, ನಾವು ಹೆಚ್ಚು ಖರ್ಚು ಮಾಡಿದೆವು ಎಂದು. ಆದರೆ 2022ರಲ್ಲೂ ಹೆಚ್ಚುಕಡಿಮೆ ಇದೇ ರೀತಿ ಹಬ್ಬ ಮಾಡಿದ್ದೆವು, ಸಾಲ ಆಗಿರಲಿಲ್ಲ. ವ್ಯತ್ಯಾಸ ತಾರೀಖಿನಲ್ಲಿತ್ತು. 2022ರಲ್ಲಿ ಈದ್ ಬಂದದ್ದು ಮೇ 3ಕ್ಕೆ. 2025ರಲ್ಲಿ ಮಾರ್ಚ್ 31ಕ್ಕೆ. ಮೂರು ವರ್ಷದಲ್ಲಿ ಹಬ್ಬ 33 ದಿನ ಮೊದಲಾಯಿತು.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಇಸ್ಲಾಮೀ ತಿಂಗಳು ಚಂದ್ರನನ್ನು ನೋಡಿ ಎಣಿಸುವುದು, 29 ಅಥವಾ 30 ದಿನ. ಹನ್ನೆರಡು ತಿಂಗಳು ಸೇರಿದರೆ 354 ಅಥವಾ 355 ದಿನ. ಗೋಡೆಯ ಕ್ಯಾಲೆಂಡರಿನ 365 ದಿನಕ್ಕಿಂತ ಸುಮಾರು 11 ದಿನ ಕಡಿಮೆ. ನಮ್ಮೂರಿನ ದೀಪಾವಳಿಯ ತಿಂಗಳೂ ಚಂದ್ರನದೇ, ಆದರೆ ಅವರ ಪಂಚಾಂಗದಲ್ಲಿ ಎರಡು-ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ, 2023ರಲ್ಲಿ ಅಧಿಕ ಶ್ರಾವಣ ಬಂದಂತೆ. ಹಾಗಾಗಿ ದೀಪಾವಳಿ ಅಕ್ಟೋಬರ್-ನವೆಂಬರ್ ಬಿಟ್ಟು ಹೋಗುವುದಿಲ್ಲ. ಕ್ರಿಸ್‌ಮಸ್ ಅಂತೂ ಡಿಸೆಂಬರ್ 25ರಿಂದ ಅಲುಗುವುದೇ ಇಲ್ಲ. ರಂಜಾನ್ ಮಾತ್ರ ಮಳೆ, ಚಳಿ, ಬಿಸಿಲು ಎಲ್ಲವನ್ನೂ ಸುತ್ತಿ ಸುಮಾರು 33 ವರ್ಷಕ್ಕೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ.

ಈಗ ಅಪ್ಪನ ದುಡಿಮೆ ನೋಡಿ. ಗಾದಿಯ ಕೆಲಸ ಹೆಚ್ಚು ಬರುವುದು ಮದುವೆಯ ದಿನಗಳಲ್ಲಿ, ಫೆಬ್ರುವರಿಯಿಂದ ಮೇವರೆಗೆ. ಏಪ್ರಿಲ್, ಮೇನಲ್ಲಿ ಕೈ ತುಂಬ ಕೆಲಸ. ಮೇ 3ಕ್ಕೆ ಹಬ್ಬ ಬಂದಾಗ ಮಾರ್ಚ್, ಏಪ್ರಿಲ್‌ನ ಹಣ ಕೈಯಲ್ಲಿತ್ತು. ಮಾರ್ಚ್‌ಗೆ ಹಬ್ಬ ಬಂದಾಗ ಆ ಹಣ ಇನ್ನೂ ಬಂದಿರಲಿಲ್ಲ. ಹಬ್ಬ ಮೊದಲಾಯಿತು, ದುಡಿಮೆ ಇದ್ದಲ್ಲೇ ಉಳಿಯಿತು. ನಡುವಿನ ಖಾಲಿ ಜಾಗವನ್ನು ತುಂಬಿದ್ದು ಸಾಲ.

ಗೆಳತಿಯ ಮನೆಯ ಲೆಕ್ಕ ಸುಲಭವಾದದ್ದೂ ಇದರಿಂದಲೇ. ಅವಳ ತಾಯಿಗೆ ತಿಂಗಳ ಪಗಾರ, ಹಬ್ಬಕ್ಕೆ ಗೊತ್ತಾದ ತಾರೀಖು. ಭಾಗಿಸಿದರೆ ಮುಗಿಯಿತು. ನಮ್ಮಲ್ಲಿ ಆದಾಯವೂ ಸಮನಾಗಿಲ್ಲ, ಹಬ್ಬವೂ ನಿಂತಲ್ಲಿ ನಿಲ್ಲುವುದಿಲ್ಲ. ಆದರೆ ಅದು ಎಷ್ಟು ಸರಿಯುತ್ತದೆ ಎಂಬುದು ಮೊದಲೇ ಗೊತ್ತು. ನಮ್ಮ ಅಜ್ಜಿ ಹೇಳುವಂತೆ, "ಹಬ್ಬ ಕಳ್ಳರಂಗ ಬರೂದಿಲ್ಲವಾ, ಚಂದ್ರನ ಹೇಳಿಕೋಂತ ಬರ್ತದ."

ನಾವು ಈಗ ಮಾಡುತ್ತಿರುವುದು

ಸಾಲ ತೀರಿದ ಮೇಲೆ, ಅಕ್ಟೋಬರ್‌ನಲ್ಲಿ ಶುರು ಮಾಡಿದೆವು. ಕ್ರಮ ಹೀಗಿದೆ.

1. ಹಿಂದಿನ ಖರ್ಚು ಬರೆಯುವುದು. ಅಂದಾಜು ಬೇಡ, ಪಟ್ಟಿ ಬೇಕು. ಪಟ್ಟಿ ನೋಡಿದ ಮೇಲೆ ಅವ್ವನೇ ಬಟ್ಟೆಯಲ್ಲಿ 1,800 ಕಡಿಮೆ ಮಾಡಿದಳು, ಹಬ್ಬದ ವಾರದ ಗದ್ದಲಕ್ಕಿಂತ ಮೊದಲೇ ತುಣುಕು ಬಟ್ಟೆ ತಂದು ಹೊಲಿಸುವುದಾಗಿ ಹೇಳಿ. ಫಿತ್ರಾದ 480ಕ್ಕೆ ಯಾರೂ ಕೈ ಹಚ್ಚಲಿಲ್ಲ. ಅದು ಬಡವರ ಪಾಲು, ಈದ್ ನಮಾಜಿಗೆ ಮೊದಲೇ ಅವರಿಗೆ ಮುಟ್ಟಬೇಕು. ಹೊಸ ಗುರಿ 9,600.

2. ಹಣ ಬೇಕಾಗುವ ದಿನ ಹಿಡಿಯುವುದು. 2026ರ ಈದ್ ಮಾರ್ಚ್ 20ರ ಆಸುಪಾಸು. ಆದರೆ ರೋಜಾ ಶುರುವಾಗುವುದು ಫೆಬ್ರುವರಿ ಮೂರನೇ ವಾರದಲ್ಲಿ, ಖರ್ಚು ಅಲ್ಲಿಂದಲೇ ಶುರು. ಹಬ್ಬದ ದಿನಕ್ಕೆ ಹಣ ಕೂಡಿಸುವವರು ತಿಂಗಳ ಖರ್ಚಿಗೆ ಸಿಕ್ಕಿಬೀಳುತ್ತಾರೆ.

3. ಸಮನಾಗಿ ಭಾಗಿಸದೆ, ದುಡಿಮೆ ನೋಡಿ ಭಾಗಿಸುವುದು. ಅಕ್ಟೋಬರ್ 1,500. ಹತ್ತಿ ಬಿಡಿಸುವ ಕೂಲಿ ಇರುವ ನವೆಂಬರ್‌ಗೆ 1,800. ಕೆಲಸ ಕಡಿಮೆ ಇರುವ ಡಿಸೆಂಬರ್‌ಗೆ 1,200. ಜನವರಿ 1,700. ಕಡಲೆ ಕೀಳುವ ಕೂಲಿ, ಮೊದಲ ಗಾದಿ ಕೆಲಸ ಎರಡೂ ಇರುವ ಫೆಬ್ರುವರಿಗೆ 2,200. ಮಾರ್ಚ್ ಅರ್ಧಕ್ಕೆ 1,200. ಒಟ್ಟು 9,600. ತಿಂಗಳಿಗೆ 1,600 ಎಂದು ಸಮನಾಗಿ ಇಟ್ಟಿದ್ದರೆ ಡಿಸೆಂಬರ್‌ನಲ್ಲೇ ಬಿಟ್ಟುಬಿಡುತ್ತಿದ್ದೆವು.

4. ತೆಗೆದರೆ ಬರೆಯುವುದು. ನವೆಂಬರ್ ಕೊನೆಗೆ 3,300 ಇರಬೇಕಿತ್ತು, ಇದ್ದದ್ದು 2,650. ಸಣ್ಣ ತಮ್ಮನಿಗೆ ಜ್ವರ ಬಂದು 650 ತೆಗೆದೆವು. ಜ್ವರಕ್ಕೆ ಹಣ ತೆಗೆಯಬಾರದು ಎಂದು ಯಾರೂ ಹೇಳುವುದಿಲ್ಲ. ಆದರೆ ವಹಿಯಲ್ಲಿ "ಹಬ್ಬದಿಂದ ಮನೆ ಪಡೆದ ಸಾಲ 650" ಎಂದು ಬರೆದಿದ್ದೇನೆ. ಬಡ್ಡಿ ಇಲ್ಲ, ಆದರೆ ತೀರಿಸಬೇಕು. ಬರೆಯದ ಹಣ ವಾಪಸು ಬರುವುದಿಲ್ಲ.

ಹಣ ಯಾರ ಕೈಯಲ್ಲಿ?

ಹಬ್ಬಕ್ಕೆ ಕೂಡಿಸುವುದು ಹೊಸ ವಿಚಾರವಲ್ಲ. 1909ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬ ಊರಿನ ಬ್ಯಾಂಕೊಂದು ಕ್ರಿಸ್‌ಮಸ್ ಕ್ಲಬ್ ತೆರೆದು, ವಾರವಾರ ಚಿಲ್ಲರೆ ಕಟ್ಟಿಸಿಕೊಂಡು ಹಬ್ಬದ ಹೊತ್ತಿಗೆ ಒಟ್ಟಿಗೆ ಕೊಡುವ ಪದ್ಧತಿ ಶುರು ಮಾಡಿತು. ಮಲೇಷ್ಯಾದಲ್ಲಿ ಹಳ್ಳಿಯವರು ಹಜ್‌ಗೆಂದು ಹೊಲ, ದನ ಮಾರಿ, ಮರಳಿ ಬಂದ ಮೇಲೆ ಬಡತನಕ್ಕೆ ಬೀಳುವುದನ್ನು ನೋಡಿ ಉಂಗ್ಕು ಅಜೀಜ್ ಎಂಬ ಅರ್ಥಶಾಸ್ತ್ರಜ್ಞರು 1959ರಲ್ಲಿ ಒಂದು ಯೋಜನೆ ಬರೆದರು. ಸ್ವಲ್ಪ ಸ್ವಲ್ಪವಾಗಿ ಬಡ್ಡಿಯಿಲ್ಲದೆ ಕೂಡಿಸುವ ಆ ಸಂಸ್ಥೆ 1963ರಲ್ಲಿ ಶುರುವಾಯಿತು. ಇಂದು ಅದರ ಹೆಸರು ತಾಬುಂಗ್ ಹಾಜಿ.

ಮುಳುಗಿದ ಕಥೆಗಳೂ ಇವೆ. 2006ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಫೇರ್‌ಪಾಕ್ ಎಂಬ ಕ್ರಿಸ್‌ಮಸ್ ಉಳಿತಾಯ ಕಂಪನಿ ದಿವಾಳಿಯಾಯಿತು. ವರ್ಷವಿಡೀ ಕಟ್ಟಿದ್ದ ಒಂದು ಲಕ್ಷಕ್ಕೂ ಹೆಚ್ಚು ಜನರ ಹಬ್ಬ ಹೋಯಿತು. ನಮ್ಮ ರಾಜ್ಯದಲ್ಲೇ 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಮುಚ್ಚಿತು. ಹಲಾಲ್ ಲಾಭ ಎಂಬ ಮಾತು ನಂಬಿ ಹಣ ಇಟ್ಟ ಸಾವಿರಾರು ಮುಸ್ಲಿಂ ಕುಟುಂಬಗಳು ಬೀದಿಗೆ ಬಂದವು.

ಆದ್ದರಿಂದ ಹಬ್ಬದ ಹಣಕ್ಕೆ ಲಾಭ ಹುಡುಕಬಾರದು. ಅದು ಆ ದಿನ ಪೂರ್ತಿ ಕೈಗೆ ಬಂದರೆ ಸಾಕು. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಆದರೆ ಅವಧಿ ಐದು ವರ್ಷ. ವರ್ಷದ ಹಬ್ಬಕ್ಕೆ ಅದು ಹೊಂದುವುದಿಲ್ಲ. ಉಳಿತಾಯ ಖಾತೆ ಸಾಕು. ಬಡ್ಡಿ ಬೇಡ ಎನ್ನುವ ಮನೆಗಳಲ್ಲಿ ಗುರುತಿನ ಹನ್ನೆರಡು ಹೆಂಗಸರು ಸೇರಿ ಸವಾಲು ಇಲ್ಲದ ಚೀಟಿ ಹಾಕುತ್ತಾರೆ. ಅದರಲ್ಲಿ ಒಂದೇ ತೊಡಕು: ಎಲ್ಲರಿಗೂ ರಂಜಾನ್ ತಿಂಗಳಿನ ಸರದಿಯೇ ಬೇಕು. ನಾವು ವಾರದ ಹಣ ಡಬ್ಬಿಗೆ ಹಾಕಿ, ತಿಂಗಳ ಕೊನೆಗೆ ಅವ್ವನ ಬ್ಯಾಂಕ್ ಖಾತೆಗೆ ಕಟ್ಟುತ್ತೇವೆ. ಪಾಸ್‌ಬುಕ್ ಅವ್ವನ ಟ್ರಂಕಿನಲ್ಲಿ, ವಹಿ ನನ್ನ ಹತ್ತಿರ.

ಮುಂದಿನ ವರ್ಷಗಳು

2028ರಲ್ಲಿ ಈದ್ ಫೆಬ್ರುವರಿ ಕೊನೆಗೆ, 2030ರಲ್ಲಿ ಫೆಬ್ರುವರಿ ಮೊದಲ ವಾರಕ್ಕೆ ಬರುತ್ತದೆ. ಅಂದರೆ ಮದುವೆಯ ದುಡಿಮೆಯಿಂದ ಇನ್ನೂ ದೂರ. 2033ರಲ್ಲಿ ಜನವರಿ ಆರಂಭದಲ್ಲೊಂದು, ಡಿಸೆಂಬರ್ 23ರ ಸುಮಾರಿಗೆ ಇನ್ನೊಂದು, ಒಂದೇ ವರ್ಷ ಎರಡು ಈದ್. 2000ದಲ್ಲೂ ಹೀಗೇ ಬಂದಿತ್ತು. ಆ ಎರಡನೇ ಈದ್ ಹೊತ್ತಿಗೆ ಬೆಟಗೇರಿಯ ಗೆಳತಿಯ ಮನೆಯಲ್ಲೂ ನಕ್ಷತ್ರ ಕಟ್ಟಿರುತ್ತಾರೆ. ಆಗ ಇಬ್ಬರೂ ಒಂದೇ ತಿಂಗಳ ಲೆಕ್ಕ ಬರೆಯಬಹುದು.

ನಿಮ್ಮ ಮನೆಯ ಹಬ್ಬ ಯಾವುದೇ ಇರಲಿ, ಈ ಭಾನುವಾರ ತಾಯಿಯ ಪಕ್ಕ ಕುಳಿತು ಹೋದ ವರ್ಷದ ಖರ್ಚು ಬರೆಯಿರಿ. ಬಡ್ಡಿ ಕೊಟ್ಟಿದ್ದರೆ ಅದನ್ನೂ ಬರೆಯಿರಿ. ನಮ್ಮ ವಹಿಯ ಕೊನೆಯ ಪುಟದಲ್ಲಿ ನಾನು ಇನ್ನೊಂದು ಸಾಲು ಸೇರಿಸಿದ್ದೇನೆ, ಹಬ್ಬ ಮುಗಿದ ಮೇಲೆ ಶುರುವಾಗುವ ಲೆಕ್ಕ ಅದು: ಅವ್ವನ ಕಾಲ್ಚೈನು.

ಪ್ರಥಮ ಪಿಯು ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ