ತಾಲೂಕಿನ ಸರಾಸರಿಯಲ್ಲಿ ಕಾಣದ ಊರು

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಕೂಡಿಸಿ ರಾಜ್ಯದ ತಾಲೂಕುಗಳ ಏಳಿಗೆಯನ್ನು ಅಳೆದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ‘ಅತ್ಯಂತ ಹಿಂದುಳಿದ’ ಪಟ್ಟಿಗೆ ಸೇರಿದವು. ಆ ಅಳತೆ ಅನುದಾನ ಹಂಚಲು ಸಾಕು, ಊರನ್ನು ಅರಿಯಲು ಸಾಲದು. ಮಹಾರಾಷ್ಟ್ರದ ಗಡಿಗೆ ಹತ್ತಿರದ, ಆಳಂದ ತಾಲೂಕಿನ ಖಜೂರಿಯಲ್ಲಿ ಎಷ್ಟು ಮನೆಯವರು ಗುಳೆ ಹೋಗುತ್ತಾರೆ, ತೊಗರಿ ಕೈಕೊಟ್ಟ ವರ್ಷ ಯಾರು ಎಲ್ಲಿ ಸಾಲ ತರುತ್ತಾರೆ ಎಂಬುದು ತಾಲೂಕಿನ ಸರಾಸರಿಯಲ್ಲಿ ಕರಗಿಹೋಗುತ್ತದೆ. ಇದನ್ನು ತಿಳಿಯಲು ಊರೊಳಗೇ ಸಮೀಕ್ಷೆ ಆಗಬೇಕು. ಆದರೆ ಕಾಗದದ ನಮೂನೆ ತುಂಬಿ, ಮತ್ತೆ ಕಂಪ್ಯೂಟರಿಗೆ ಏರಿಸಿ, ತಪ್ಪು ಹುಡುಕಿ ಲೆಕ್ಕ ಮಾಡುವಷ್ಟರಲ್ಲಿ ಹಣ, ತಾಳ್ಮೆ ಎರಡೂ ಮುಗಿಯುತ್ತಿದ್ದವು.

ಓಡಿಕೆ, ಕೋಬೋ ಟೂಲ್‌ಬಾಕ್ಸ್‌ನಂಥ ತಂತ್ರಾಂಶಗಳು ಹಗುರಗೊಳಿಸಿರುವುದು ಈ ದುಡಿಮೆಯನ್ನೇ. ಪ್ರೋಗ್ರಾಮಿಂಗ್ ಬಾರದವರೂ ಎಕ್ಸೆಲ್ ಹಾಳೆಯ ಒಂದೊಂದು ಸಾಲಿನಲ್ಲಿ ಒಂದೊಂದು ಪ್ರಶ್ನೆ ಬರೆದರೆ ಅದು ಮೊಬೈಲಿನಲ್ಲಿ ನಮೂನೆಯಾಗಿ ತೆರೆದುಕೊಳ್ಳುತ್ತದೆ. ಮೊದಲೇ ನಿಯಮ ಬರೆದಿಟ್ಟರೆ, ‘ಯಾರೂ ಗುಳೆ ಹೋಗಿಲ್ಲ’ ಎಂಬ ಉತ್ತರ ಬಂದಾಗ ಮುಂದಿನ ಗುಳೆಯ ಪ್ರಶ್ನೆಗಳು ತಾವಾಗಿ ಮರೆಯಾಗುತ್ತವೆ. ಹಾಗೆಯೇ ಮಿತಿ ಹಾಕಿಟ್ಟರೆ, ವಯಸ್ಸು 240 ಎಂದು ಒತ್ತಿದಾಗ ಮೊಬೈಲು ಒಪ್ಪುವುದಿಲ್ಲ. ಒಂದೇ ಪ್ರಶ್ನೆಯನ್ನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಇಡಬಹುದು. ನೆಟ್‌ವರ್ಕ್ ಇಲ್ಲದ ಕಡೆ ಉತ್ತರ ಮೊಬೈಲಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ಹೋಗುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಸಮಾಜವಿಜ್ಞಾನ ವಿದ್ಯಾರ್ಥಿಗೂ ಊರಿನ ಸ್ವಸಹಾಯ ಸಂಘಕ್ಕೂ ಇದು ಎಟುಕುವ ಕೆಲಸ.

ಲೆಕ್ಕದ ಒಳಗುಟ್ಟು ತಿಳಿಯದವರ ಕೈಗೆ ಇಂಥ ಸಾಧನ ಕೊಟ್ಟರೆ ತಪ್ಪೂ ಬೇಗ ಬೆಳೆಯುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ತಪ್ಪು ತಜ್ಞರನ್ನೂ ಬಿಟ್ಟಿಲ್ಲ. ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗೋಫ್ 2010ರಲ್ಲಿ ದೇಶಗಳ ಸಾಲದ ಕುರಿತು ಬರೆದ ಹೆಸರಾಂತ ಪ್ರಬಂಧದಲ್ಲಿ ಎಕ್ಸೆಲ್ ಸೂತ್ರವೊಂದು ಐದು ದೇಶಗಳನ್ನು ಬಿಟ್ಟುಬಿಟ್ಟಿತ್ತು. 2013ರಲ್ಲಿ ಅದನ್ನು ಬಯಲಿಗೆ ತಂದವರು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ. ಮೂಲ ಹಾಳೆಯೇ ಕೈಗೆ ಸಿಕ್ಕಿದ್ದರಿಂದ ಅದು ಸಾಧ್ಯವಾಯಿತು. ಹಾಗಾಗಿ ತಪ್ಪಿಗೆ ಮದ್ದು ಸಾಧನವನ್ನು ತಡೆಯುವುದರಲ್ಲಿಲ್ಲ, ಹೆಸರು ಅಳಿಸಿದ ಉತ್ತರಗಳ ಜೊತೆ ನಮೂನೆಯ ಹಾಳೆಯನ್ನೂ ಎಲ್ಲರ ಮುಂದಿಡುವುದರಲ್ಲಿದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಎಂಟು ತಿಂಗಳು ಪುಣೆಯಲ್ಲಿದ್ದು ಸುಗ್ಗಿಗೆ ಮರಳುವ ಮಗನನ್ನು ‘ಮನೆಯ ಸದಸ್ಯ’ ಎನ್ನಬೇಕೇ? ಇದನ್ನು ಯಾವ ತಂತ್ರಾಂಶವೂ ತೀರ್ಮಾನಿಸಲಾರದು. ನಂಜುಂಡಪ್ಪ ಸಮಿತಿಯ ಕೂಡಿಕೆಯನ್ನು ಇಂದಿನ ಕಂಪ್ಯೂಟರ್ ಕ್ಷಣದಲ್ಲಿ ಮುಗಿಸೀತು. ಆದರೆ ಯಾವ 35 ಸೂಚಕ, ಯಾವುದಕ್ಕೆಷ್ಟು ತೂಕ ಎಂಬುದನ್ನು ಮನುಷ್ಯರೇ ಕೂತು ವಾದಿಸಬೇಕಾಯಿತು. ಯಂತ್ರ ಉಳಿಸಿಕೊಟ್ಟ ಸಮಯವನ್ನು ಆ ವಾದಕ್ಕೆ, ಅದೂ ಖಜೂರಿಯವರನ್ನೇ ಕೂರಿಸಿಕೊಂಡು, ಖರ್ಚು ಮಾಡಿದರೆ ಮಾತ್ರ ಈ ಸಾಧನಗಳಿಂದ ವಿಜ್ಞಾನಕ್ಕೆ ಲಾಭ.