ಗೆದ್ದ ಅಕ್ಟೋಬರ್, ಸೋತ ಡಿಸೆಂಬರ್

ಹಂಪಿ ಉತ್ಸವ ಒಂದು ವರ್ಷ ನವೆಂಬರಿನಲ್ಲಿ ನಡೆದರೆ ಇನ್ನೊಂದು ವರ್ಷ ಜನವರಿಗೋ ಫೆಬ್ರುವರಿಗೋ ಹೋಗುತ್ತದೆ. ಹೊಸಪೇಟೆ, ಪಾಪಿನಾಯಕನಹಳ್ಳಿ, ಕಂಪ್ಲಿ ಕಡೆಯ ಜನ ಅದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ. ಆ ಉತ್ಸವ ನೆನೆಯುವುದು ನಗರವನ್ನು, ಯುದ್ಧವನ್ನಲ್ಲ; ವಿಜಯನಗರ ಸೋತ 1565ರ ಜನವರಿ 23 ಇಲ್ಲಿಯ ಯಾವ ಕ್ಯಾಲೆಂಡರಿನಲ್ಲೂ ಕೆಂಪಕ್ಷರದಲ್ಲಿಲ್ಲ. ಬೆಳಗಾವಿ ಜಿಲ್ಲೆಯ ಕಿತ್ತೂರಿನ ಲೆಕ್ಕವೇ ಬೇರೆ. ಹೆದ್ದಾರಿಯ ಮಗ್ಗುಲಿನ ಆ ಸಣ್ಣ ಊರಿಗೆ ಅಕ್ಟೋಬರ್ 23 ಅಂದರೆ 23. ಅಂದಿನಿಂದ ಮೂರು ದಿನ ಜ್ಯೋತಿಯ ಸ್ವಾಗತ, ಡೊಳ್ಳು, ಮೆರವಣಿಗೆ, ಕುಸ್ತಿ, ವಿಚಾರ ಸಂಕಿರಣ, ರಾತ್ರಿ ಹಾಡು-ಕುಣಿತ. 2024ರಲ್ಲಿ ಆ ದಿನಕ್ಕೆ ಇನ್ನೂರು ವರ್ಷ ತುಂಬಿತು. ವಿಜಯ ಜ್ಯೋತಿ ಬೆಂಗಳೂರಿನಿಂದ ಹೊರಟು ನಾಡು ಸುತ್ತಿ ಬಂತು.

ಕಾರಣ ಸಣ್ಣದೇನಲ್ಲ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ ಖಜಾನೆಗೆ ಮೊಹರು ಹಾಕಿಸಿದ. ಡಾಲ್‌ಹೌಸಿ ಇದೇ ತಂತ್ರವನ್ನು ನೀತಿಯಾಗಿಸುವುದಕ್ಕೆ ಎರಡು ದಶಕಕ್ಕೂ ಮೊದಲಿನ ಮಾತು ಇದು. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಗುಂಡು ಹಾರಿಸಿದವನು ಅಮಟೂರ ಬಾಳಪ್ಪ ಎಂದು ನಾಡು ನಂಬಿಕೊಂಡು ಬಂದಿದೆ. ಕಂಪನಿಯ ಅಧಿಕಾರಿಯನ್ನು ಒಂದು ಪುಟ್ಟ ಸಂಸ್ಥಾನ, ಅದೂ ರಾಣಿಯೊಬ್ಬಳ ಮುಂದಾಳತ್ವದಲ್ಲಿ, ಕೆಡವಿದ ದಿನವನ್ನು ಹಬ್ಬ ಮಾಡಬಾರದು ಎನ್ನುವವರು ಯಾರೂ ಇರಲಾರರು. ನನ್ನ ತಕರಾರು ಬೇರೆ: ಕಿತ್ತೂರು ಅಕ್ಟೋಬರನ್ನು ಮೆರೆಸಿ ಡಿಸೆಂಬರನ್ನು ಬದಿಗಿಟ್ಟಿದೆ. ರಾಣಿ ಚೆನ್ನಮ್ಮನ ದೊಡ್ಡತನ ಅರ್ಥವಾಗಬೇಕಾದರೆ ಎರಡೂ ಬೇಕು.

ಅಕ್ಟೋಬರಿನಲ್ಲಿ ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕಿದ್ದರು. ಅವರ ಕೂದಲೂ ಕೊಂಕಲಿಲ್ಲ. ಸಂಧಾನದ ಆಸೆಯಿಂದ ಡಿಸೆಂಬರ್ ಆರಂಭದಲ್ಲಿ ಅವರನ್ನು ಬಿಟ್ಟುಕೊಟ್ಟರು. ಕಮಿಷನರ್ ಚಾಪ್ಲಿನ್ ಸೈನ್ಯವನ್ನು ಹಿಂದಕ್ಕೆ ಕರೆಸಲಿಲ್ಲ. ಅದೇ ವಾರ ತೋಪುಗಳು ಗೋಡೆ ಒಡೆದವು, ಕೋಟೆ ಬಿತ್ತು. ಥಾಮಸ್ ಮನ್ರೋನ ಸಂಬಂಧಿ, ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಆ ಕಾದಾಟದಲ್ಲೇ ಸತ್ತ, ಅಂದರೆ ಒಳಗಿದ್ದವರು ಸುಮ್ಮನೆ ಬಾಗಿಲು ತೆರೆದಿರಲಿಲ್ಲ. ಕೊಟ್ಟ ಮಾತಿಗೆ ನಿಂತವರು ಯಾರು, ಬಲವನ್ನೇ ನೆಚ್ಚಿದವರು ಯಾರು ಎಂಬುದು ತಿಳಿಯುವುದು ಈ ಡಿಸೆಂಬರಿನಲ್ಲೇ. ಈ ಭಾಗ ಖಾಲಿ ಉಳಿದುದರಿಂದಲೋ ಏನೋ, ಅಲ್ಲಿ ದ್ರೋಹದ ಕಥೆಯೊಂದೇ ತುಂಬಿಕೊಂಡಿದೆ. ಮದ್ದಿಗೆ ಸಗಣಿ ಬೆರೆಸಿದರಂತೆ, ಅದಕ್ಕೇ ಸೋತರಂತೆ! ದ್ರೋಹಿಗಳು ಇದ್ದಿರಬಹುದು. ಆದರೆ ಹಲವು ಕಡೆಯಿಂದ ಪಡೆ ತರಿಸಿ, ಭಾರೀ ತೋಪು ಹೂಡಿದ ಸಾಮ್ರಾಜ್ಯದ ಎದುರು ಒಂದು ಕೋಟೆ ಎಷ್ಟು ದಿನ ನಿಂತೀತು ಎಂಬ ಪ್ರಶ್ನೆಯನ್ನು ಆ ಕಥೆ ಕೇಳಗೊಡುವುದೇ ಇಲ್ಲ.

ಸೋಲಿಗೆ ಯಾರಾದರೂ ಉತ್ಸವ ಮಾಡುತ್ತಾರೆಯೇ ಎಂದು ಕೇಳಬಹುದು. ನಮ್ಮ ಜನ ಮಾಡುತ್ತಲೇ ಬಂದಿದ್ದಾರೆ. ಊರೂರಿನ ವೀರಗಲ್ಲುಗಳನ್ನು ನೋಡಿ: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಒಯ್ಯುವ ವೀರ, ಮೇಲೆ ಕೈಲಾಸ. ಆ ಯುದ್ಧದಲ್ಲಿ ಗೆದ್ದವರಾರು ಎಂಬುದು ಕಲ್ಲಿಗೆ ಮುಖ್ಯವಲ್ಲ, ಸತ್ತವನು ಮುಖ್ಯ. 1327ರ ಸುಮಾರಿಗೆ ತುಘಲಕ್ ಸೈನ್ಯದೆದುರು ಕಂಪಿಲಿ ರಾಜ್ಯ ಮಣ್ಣುಪಾಲಾಯಿತು. ಆ ರಾಜ್ಯದ ಕುಮಾರರಾಮ ಸೋತು ಮಡಿದವನು. ಆದರೂ ಅವನ ರುಂಡವನ್ನು ಮರದಲ್ಲಿ ಕೆತ್ತಿ ಪೂಜಿಸುವವರು ನಾಡಿನ ಹಲವೆಡೆ ಇದ್ದಾರೆ, ಕವಿಗಳು ಅವನ ಮೇಲೆ ಸಾಂಗತ್ಯ ಕಟ್ಟಿದ್ದಾರೆ. ಅದೇ ಬೆಳಗಾವಿ ಜಿಲ್ಲೆಯ ನಂದಗಡದಲ್ಲಿ, 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರಿನಲ್ಲಿ, ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳ ಹರಕೆ ಹೊತ್ತವರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಯಾವ ಇಲಾಖೆಯೂ ಸುತ್ತೋಲೆ ಹೊರಡಿಸಿ ಕಟ್ಟಿಸಿದ ತೊಟ್ಟಿಲಲ್ಲ ಅವು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಸೋತವರ ಪಾಠವನ್ನೇ ಓದುತ್ತ ಬಂದ ನಾಡಿಗೆ ಗೆದ್ದ ದಿನವೊಂದು ಬೇಡವೇ? ಬೇಕು, ಹಾಗೆಂದೇ 23ನ್ನು ಯಾರೂ ಮುಟ್ಟಬೇಕಿಲ್ಲ. ಆದರೆ ಗೆಲುವಿನಲ್ಲೇ ಕಥೆ ನಿಲ್ಲಿಸಿದರೆ ರಾಯಣ್ಣನಿಗೆ ಅದರೊಳಗೆ ಜಾಗವೇ ಇರುವುದಿಲ್ಲ. ಕೋಟೆ ಬಿದ್ದ ಮೇಲೂ ದತ್ತುಮಗನ ಪರವಾಗಿ ಅವನು ಕಾಡು ಹಿಡಿದು ಹೋರಾಡಿದ್ದು ಯಾವುದಕ್ಕೆ? ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ದಿನ ದೂಡಿ 1829ರ ಫೆಬ್ರುವರಿ 2ರಂದು ಕಣ್ಣುಮುಚ್ಚಿದ್ದು ಹೇಗೆ? ಉತ್ತರ ಡಿಸೆಂಬರಿನಲ್ಲಿದೆ.

ಅದಕ್ಕೆ ಇನ್ನೊಂದು ಶಾಮಿಯಾನ, ಇನ್ನೊಂದು ಅನುದಾನ ಬೇಕಿಲ್ಲ. ಕಿತ್ತೂರಿನ ಪಾಳುಬಿದ್ದ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿಯೊಂದನ್ನು ಬಂದವರಿಗೆಲ್ಲ ತೋರಿಸುತ್ತಾರೆ, ಬಂದವರೂ ಸರದಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಡಿಸೆಂಬರಿನ ಮೊದಲ ವಾರ ಸುತ್ತಲಿನ ಶಾಲೆಗಳ ಮಕ್ಕಳನ್ನು ಅಲ್ಲಿಂದ ಕೋಟೆಗೋಡೆಯವರೆಗೂ ನಡೆಸಿ, ಸೆರೆಯಾಳುಗಳನ್ನು ಬಿಟ್ಟುಕೊಟ್ಟ ಸಂಗತಿಯನ್ನೂ ತೋಪು ಹಾರಿದ ಸಂಗತಿಯನ್ನೂ ಅಲ್ಲಿಯೇ ಹೇಳಬಹುದು.